ರಸಮಂಜರಿಯಲ್ಲಿ ಬೇಸ್ ಗಿಟಾರ್

ಸಂತೆಕಲ್ಲೂರು, ಮಸ್ಕಿ, ಸಿಂಧನೂರು ಕಡೆಯ ಜಾತ್ರೆಗಳ ರಸಮಂಜರಿಯಲ್ಲಿ ನಾನು ಬೇಸ್ ಗಿಟಾರ್ ನುಡಿಸುತ್ತೇನೆ. ನಮ್ಮದು ಬರೀ ಸಿನಿಮಾ ಹಾಡುಗಳ ನಕಲು ಎನ್ನುವವರಿದ್ದಾರೆ. ಆ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು.

1981ರ ‘ಗೀತಾ’ ಚಿತ್ರದ ಯುಗಳಗೀತೆಯನ್ನೇ ತಗೊಳ್ಳಿ. ಎಸ್‌.ಪಿ. ಬಾಲಸುಬ್ರಹ್ಮಣ್ಯಂ, ಎಸ್‌. ಜಾನಕಿ ಹಾಡಿದ್ದು ಎಲ್ಲರಿಗೂ ಗೊತ್ತು. ಇಳಯರಾಜ ಅವರ ಹಾಡುಗಳಲ್ಲಿ ಗಾಯಕರ ದನಿಯ ಕೆಳಗೆ ಬೇಸ್ ತನ್ನದೇ ದಾರಿ ಹಿಡಿದು ನಡೆಯುತ್ತದೆ. ಅದು ಇನ್ನೊಂದು ಹಾಡೇ. ಬೇಸ್‌ನ ದಪ್ಪ ತಂತಿಯನ್ನು ಬಿಟ್ಟು ಮೀಟಿದರೆ ಸೆಕೆಂಡಿಗೆ ಸುಮಾರು 41 ಕಂಪನ. ಅಂಗೈಯಗಲದ ರೇಡಿಯೋಗೆ, ಮೊಬೈಲಿಗೆ ಅದು ನಿಲುಕದು. ಜಾತ್ರೆಯ ದೊಡ್ಡ ಬಾಕ್ಸುಗಳ ಮುಂದೆ ನಿಂತಾಗ ಮಾತ್ರ ಎದೆಗೆ ತಾಗುತ್ತದೆ.

ಈಗ ಖರ್ಚು ಉಳಿಸಲು ಆ ಕೆಲಸವನ್ನು ಕೀಬೋರ್ಡಿನ ಎಡಗೈಗೋ ಟ್ರ್ಯಾಕಿಗೋ ಒಪ್ಪಿಸುವ ತಂಡಗಳಿವೆ. ಎಡಗೈ ಒಂದು ಸ್ವರ ಒತ್ತಿ ಕೂರುತ್ತದೆ; ಸ್ವರದಿಂದ ಸ್ವರಕ್ಕೆ ಜಾರುವ ಬೆರಳು ಅಲ್ಲಿಲ್ಲ. ಟ್ರ್ಯಾಕ್ ತಪ್ಪುವುದಿಲ್ಲ, ನಿಜ. ಆದರೆ ಗಾಯಕಿ ಉಸಿರಿಗೆ ತಡೆದರೆ ಕಾಯುವುದೂ ಇಲ್ಲ, ಜನ ಕುಣಿಯತೊಡಗಿದರೆ ಪಲ್ಲವಿಗೆ ಮರಳುವುದೂ ಇಲ್ಲ. ನಕಲು ಎಂಬ ಹೆಸರು ಸಲ್ಲಬೇಕಾದ್ದು ಅದಕ್ಕೆ.

ಬೇರೆಯವರ ಹಾಡನ್ನು ನುಡಿಸುವುದೆಂದರೆ ಅದನ್ನು ಓದುವುದು. ಕೆಳಗಿನ ಸಾಲು ಬಿಟ್ಟರೆ ಓದು ಅರ್ಧವೇ. ಮುಂದಿನ ಜಾತ್ರೆಯಲ್ಲಿ ಒಂದೇ ಒಂದು ಹಾಡಿಗಾದರೂ ಗಾಯಕರನ್ನು ಬಿಟ್ಟು ಬೇಸನ್ನಷ್ಟೇ ಕೇಳಿ.