ಮುಟ್ಟಿ ನೋಡುವ ಮ್ಯೂಸಿಯಂ

ಸ್ಯಾನ್ ಫ್ರಾನ್ಸಿಸ್ಕೋದ ವಿಜ್ಞಾನ ಮ್ಯೂಸಿಯಂ ‘ಎಕ್ಸ್‌ಪ್ಲೊರಟೋರಿಯಂ’ನಲ್ಲಿ ಕುಡಿಯುವ ನೀರಿನ ಚಿಲುಮೆಯೊಂದಿದೆ. ಅದನ್ನು ಕೂರಿಸಿರುವುದು ಕಮೋಡಿನೊಳಗೆ! ಯಾರೂ ಎಂದೂ ಬಳಸದ ಕಮೋಡು, ನೀರೂ ಶುದ್ಧ. ಅಷ್ಟೆಲ್ಲ ಗೊತ್ತಿದ್ದೂ ಬಂದವರು ಬಗ್ಗುತ್ತಾರೆ, ತುಟಿಯ ಹತ್ತಿರ ನೀರು ಬಂದಾಗ ಹಿಂಜರಿಯುತ್ತಾರೆ, ಜೊತೆಗಿದ್ದವರ ಮುಖ ನೋಡಿ ನಗುತ್ತಾರೆ. ಬುದ್ಧಿ ಒಪ್ಪಿದರೂ ಮನಸ್ಸು ಹೇಗೆ ಹಟ ಹಿಡಿಯುತ್ತದೆ ಎಂಬುದನ್ನು ಯಾವ ವಿವರಣೆಯ ಫಲಕವೂ ಇಷ್ಟು ಚೆನ್ನಾಗಿ ಹೇಳಲಾರದು.

1969ರಲ್ಲಿ ಈ ಮ್ಯೂಸಿಯಂ ಶುರು ಮಾಡಿದವರು ಭೌತವಿಜ್ಞಾನಿ ಫ್ರಾಂಕ್ ಒಪೆನ್‌ಹೈಮರ್. ಅಣುಬಾಂಬಿನ ರಾಬರ್ಟ್ ಒಪೆನ್‌ಹೈಮರ್ ಅವರ ತಮ್ಮ. ಒಮ್ಮೆ ಕಮ್ಯುನಿಸ್ಟ್ ಪಕ್ಷದಲ್ಲಿದ್ದರೆಂಬ ಕಾರಣಕ್ಕೆ 1949ರಲ್ಲಿ ವಿಶ್ವವಿದ್ಯಾಲಯದ ಕೆಲಸ ಕಳೆದುಕೊಂಡ ಅವರು ಕೊಲರಾಡೋದಲ್ಲಿ ದನ ಸಾಕಿದರು, ಆಮೇಲೆ ಅಲ್ಲಿನ ಹೈಸ್ಕೂಲಿನಲ್ಲಿ ಪಾಠ ಹೇಳಿದರು. ಯಂತ್ರಗಳ ಗುಟ್ಟು ತಿಳಿಸಲು ಮಕ್ಕಳನ್ನು ಊರಿನ ಗುಜರಿ ರಾಶಿಗೇ ಕರೆದೊಯ್ಯುತ್ತಿದ್ದರು. ಎಕ್ಸ್‌ಪ್ಲೊರಟೋರಿಯಂನ ಬೇರು ಆ ಗುಜರಿಯಲ್ಲೇ ಇದೆ ಎನ್ನಬೇಕು.

ಇಲ್ಲಿನ ‘ಟ್ಯಾಕ್ಟೈಲ್ ಡೋಮ್’ ಅಂತೂ ಬೇರೆಯೇ ಲೋಕ. 1971ರಲ್ಲಿ ಆಗಸ್ಟ್ ಕೊಪೊಲಾ ರೂಪಿಸಿದ ಈ ಗುಮ್ಮಟದೊಳಗೆ ಕಗ್ಗತ್ತಲು. ತೆವಳಬೇಕು, ಹತ್ತಬೇಕು, ಜಾರಬೇಕು. ದಾರಿ ತೋರುವುದು ಅಂಗೈ ಮಾತ್ರ. ಒರಟು, ನುಣುಪು, ಮೆತ್ತಗೆ ಎಂಬ ದಿನನಿತ್ಯದ ಅನುಭವಗಳಿಗೆ ಕಣ್ಣಿನ ಆಸರೆ ತಪ್ಪಿದಾಗ ಎಂಥ ತೀವ್ರತೆ! ಕೆಲವರಿಗೆ ಭಯ, ಹಲವರಿಗೆ ಪುಳಕ. 2013ರಲ್ಲಿ ಮ್ಯೂಸಿಯಂ ಬಂದರುಕಟ್ಟೆಗೆ ಸ್ಥಳಾಂತರವಾದ ಮೇಲೆ ಈ ಗುಮ್ಮಟವನ್ನೂ ಹೊಸದಾಗಿ ಕಟ್ಟಿದರು.

ಪ್ರಯೋಗಗಳು ತಯಾರಾಗುವ ಕಾರ್ಯಾಗಾರವೂ ಬಂದವರ ಕಣ್ಣೆದುರೇ ಇದೆ. ಅವುಗಳನ್ನು ಮಾಡುವ ವಿಧಾನವನ್ನೂ ಮುಚ್ಚಿಡದೆ ‘ಕುಕ್‌ಬುಕ್’ಗಳಾಗಿ ಅಚ್ಚು ಹಾಕಿಸಿದ್ದು ದೊಡ್ಡ ಮನಸ್ಸಿನ ಕೆಲಸ. ಅವನ್ನು ನೋಡಿ ಬೇರೆ ದೇಶಗಳ ವಿಜ್ಞಾನ ಕೇಂದ್ರಗಳೂ ತಮ್ಮಲ್ಲೇ ಪ್ರಯೋಗಗಳನ್ನು ಕಟ್ಟಿಕೊಂಡವು.