ಒಗ್ಗರಣೆ ಡಬ್ಬಿಯ ಶಿಸ್ತು

“ಕತ್ತರಿ ಎಲ್ಲಿದೆ?”, “ಗ್ಯಾಸ್ ಪುಸ್ತಕ ಎಲ್ಲಿಟ್ಟೆ?”, “ಅಮ್ಮಾ, ನನ್ನ ಇನ್ನೊಂದು ಸಾಕ್ಸ್ ನೋಡಿದ್ಯಾ?” ಬೆಳಗಿನ ಗಡಿಬಿಡಿಯಲ್ಲಿ ಬಹುಪಾಲು ಮನೆಗಳಲ್ಲಿ ಈ ಪ್ರಶ್ನೆಗಳೆಲ್ಲ ಒಬ್ಬರ ಹೆಗಲಿಗೇ ಬೀಳುತ್ತವೆ. ಒಲೆ ಸಣ್ಣ ಮಾಡಿ ಬಂದು ಹುಡುಕಿಕೊಡುವವರೂ ಅವರೇ. ಮನೆಯ ಒಪ್ಪ ಓರಣ ಎಂದರೆ ಜನ ಕಪಾಟಿನ ಅಂದ ನೋಡುತ್ತಾರೆ. ನಿಜಕ್ಕೂ ಎಣಿಸಬೇಕಾದದ್ದು ‘ಎಲ್ಲಿದೆ’ ಎಂಬ ಈ ಪ್ರಶ್ನೆಯನ್ನು.

ಇದು ಬರೀ ಗೊಣಗಾಟವಲ್ಲ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2001ರಿಂದ 2005ರವರೆಗೆ, ತಂದೆತಾಯಿ ಇಬ್ಬರೂ ದುಡಿಯುವ 32 ಕುಟುಂಬಗಳ ದಿನಚರಿಯನ್ನು ಮನೆಯೊಳಗೇ ಹೋಗಿ ಚಿತ್ರೀಕರಿಸಿದರು. ಮುಕ್ಕಾಲು ಪಾಲು ಗ್ಯಾರೇಜುಗಳಲ್ಲಿ ಸಾಮಾನು ತುಂಬಿ ಕಾರಿಗೇ ಜಾಗವಿರಲಿಲ್ಲ. ಅದೇ ಯೋಜನೆಯಲ್ಲಿ ಡಾರ್ಬಿ ಸ್ಯಾಕ್ಸ್‌ಬಿ ಮತ್ತು ರೆನಾ ರೆಪೆಟ್ಟಿ 30 ದಂಪತಿಗಳ ಕೈಗೆ ಕ್ಯಾಮೆರಾ ಕೊಟ್ಟು, ನಿಮ್ಮ ಮನೆಯನ್ನು ನೀವೇ ಮಾತಾಡುತ್ತ ತೋರಿಸಿ ಎಂದರು. ಜೊತೆಗೆ ಅವರ ಎಂಜಲಿನಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನನ್ನು ಅಳೆದರು. ಬೆಳಿಗ್ಗೆ ಏರಿ ಸಂಜೆಗೆ ಇಳಿಯುವುದು ಅದರ ಸಹಜ ಲಯ. ಮನೆ ತೋರಿಸುವಾಗ ‘ರಾಶಿ’, ‘ಬಾಕಿ ಕೆಲಸ’ ಎಂಬಂಥ ಮಾತುಗಳನ್ನೇ ಹೆಚ್ಚಾಗಿ ಆಡಿದ ಹೆಂಗಸರಲ್ಲಿ ಆ ಇಳಿತ ಮಂದವಾಗಿತ್ತು. ಗಂಡಂದಿರಲ್ಲಿ ಇಂಥ ನಂಟು ಎದ್ದು ಕಾಣಲಿಲ್ಲ. 2010ರಲ್ಲಿ ಪ್ರಕಟವಾದ ಈ ಅಧ್ಯಯನದಿಂದ ರಾಶಿಯೇ ಒತ್ತಡ ತಂದಿತೆಂದು ಹೇಳಲಾಗದು. ದಣಿದ ಕಣ್ಣಿಗೆ ರಾಶಿಯೇ ಮೊದಲು ಕಂಡಿರಲೂಬಹುದು. ಆದರೆ ಅದೇ ಸೋಫಾ, ಅದೇ ಬಟ್ಟೆಯ ಗುಡ್ಡೆ ಒಬ್ಬರಿಗೆ ಕೆಲಸವಾಗಿ, ಇನ್ನೊಬ್ಬರಿಗೆ ಒರಗುವ ದಿಂಬಾಗಿ ಕಾಣುತ್ತದೆಂದು ತಿಳಿಯಲು ಪ್ರಯೋಗಾಲಯವೇನೂ ಬೇಕಿಲ್ಲ.

ಮನೆಗೆಲಸವನ್ನು ಹಗುರ ಮಾಡಲು ಲೆಕ್ಕಾಚಾರ ಹಾಕಿದವರಲ್ಲಿ ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೆಟೆ ಶುಟ್ಟೆ-ಲಿಹೊಟ್ಸ್ಕಿ ದೊಡ್ಡ ಹೆಸರು. 1926ರಲ್ಲಿ ಅವರು ಫ್ರಾಂಕ್‌ಫರ್ಟ್‌ನ ಹೊಸ ವಸತಿಗಳಿಗಾಗಿ 1.9 ಮೀಟರ್ ಅಗಲ, 3.4 ಮೀಟರ್ ಉದ್ದದ ಅಡುಗೆಮನೆ ರೂಪಿಸಿದರು. ಅಕ್ಕಿ, ಸಕ್ಕರೆಗೆ ಹೆಸರು ಬರೆದ, ಹೊರಗೆಳೆದು ನೇರ ಸುರಿಯಬಹುದಾದ ಅಲ್ಯೂಮಿನಿಯಂ ಡಬ್ಬಗಳು. ಹಿಟ್ಟಿಗೆ ಹುಳ ಹಿಡಿಯದಿರಲೆಂದು ಓಕ್ ಮರದ ಪೆಟ್ಟಿಗೆ. ಹತ್ತಿರ ಹತ್ತಿರ ಹತ್ತು ಸಾವಿರ ಮನೆಗಳಲ್ಲಿ ಇದು ಬಂತು. ಇಂದಿನ ಮಾಡ್ಯುಲರ್ ಕಿಚನ್‌ಗೆ ಅದೇ ಅಜ್ಜಿ. ಒಂದೇ ಕೊರತೆ, ಅಲ್ಲಿ ಇಬ್ಬರು ನಿಂತು ಕೆಲಸ ಮಾಡುವಷ್ಟು ಜಾಗವಿರಲಿಲ್ಲ. ಎಷ್ಟು ಚೆಂದ ಜೋಡಿಸಿದರೂ ಅಡುಗೆ ಒಬ್ಬಳದೇ ಆಗಿ ಉಳಿಯಿತು.

ನಮ್ಮ ಹಳೇ ಮನೆಗಳ ಗೋಡೆಗೂಡು, ನಾಗಂದಿಗೆ, ನೆಲುವುಗಳಿಗೆ ಆ ನುಣುಪಿರಲಿಲ್ಲ. ಆದರೆ ಕರೆಂಟು ಹೋದಾಗ ಕತ್ತಲಲ್ಲೇ ಮನೆಯ ಯಾರ ಕೈಯಾದರೂ ದೇವರ ಗೂಡಿನ ಬೆಂಕಿಪೊಟ್ಟಣವನ್ನು ಮುಟ್ಟುತ್ತಿತ್ತು.

ಈಗಿನ ಒಲವು ಬೇರೆ. ಓರಣ ಮಾಡಬೇಕೆನಿಸಿದ ಕೂಡಲೇ ಒಂದೇ ಬಣ್ಣದ ಪ್ಲಾಸ್ಟಿಕ್ ಬುಟ್ಟಿಗಳು ಮನೆಗೆ ಬರುತ್ತವೆ. ಇದ್ದ ಸಾಮಾನಿನ ಜೊತೆಗೆ ಬುಟ್ಟಿಗಳೂ ಸಾಮಾನಾಗುತ್ತವೆ. ಆಯುಧಪೂಜೆಗೆ ಸಜ್ಜದಿಂದ ಇಳಿದ ಕೆಟ್ಟ ಮಿಕ್ಸಿ, ಟಿವಿಯ ಖಾಲಿ ರಟ್ಟಿನ ಡಬ್ಬ ಧೂಳು ಒರೆಸಿಕೊಂಡು ಮತ್ತೆ ಸಜ್ಜಕ್ಕೇ ಏರುತ್ತವೆ. ಓರಣವನ್ನೇ ಕಸುಬಾಗಿಸಿಕೊಂಡು ಜಗತ್ಪ್ರಸಿದ್ಧರಾದ ಜಪಾನಿನ ಮರಿ ಕೊಂಡೊ ಕೂಡ, ಮೂರನೇ ಮಗುವಾದ ಮೇಲೆ ತಮ್ಮ ಮನೆ ಮೊದಲಿನಷ್ಟು ಅಚ್ಚುಕಟ್ಟಾಗಿಲ್ಲವೆಂದು 2023ರಲ್ಲಿ ಒಪ್ಪಿಕೊಂಡರು. ಹೇಳಿದ್ದು ಒಳ್ಳೆಯದೇ ಆಯಿತು.

ಓರಣದ ಸಾಧನಗಳಲ್ಲಿ ಈ ಅಂಕಣದ ಮೊದಲ ಮಣೆ ಒಗ್ಗರಣೆ ಡಬ್ಬಿಗೆ. ಒಂದು ಮುಚ್ಚಳ ತೆಗೆದರೆ ಸಾಸಿವೆ, ಜೀರಿಗೆ, ಮೆಂತ್ಯ, ಅರಿಸಿನ ಎಲ್ಲ ಎದುರಿಗೇ. ಯಾವುದು ಮುಗಿಯುತ್ತ ಬಂತೆಂದು ಅಡುಗೆ ಬಾರದವರೂ ಹೇಳಬಲ್ಲರು. ಪಕ್ಕದಲ್ಲೇ ಸಾಲಾಗಿ ನಿಂತ ಸ್ಟೀಲ್ ಡಬ್ಬಗಳನ್ನು ನೋಡಿ: ಹೊರಗೆ ಕೆತ್ತಿಸಿರುವುದು ಮದುವೆಗೆ ಉಡುಗೊರೆ ಕೊಟ್ಟ ಸೋದರಮಾವನ ಹೆಸರು, ಒಳಗಿರುವುದು ಉದ್ದಿನಬೇಳೆಯೋ ಹೆಸರುಬೇಳೆಯೋ ಅಮ್ಮನಿಗಷ್ಟೇ ಗೊತ್ತು. ಅಮ್ಮ ಊರಿಗೆ ಹೋದರೆ ಒಂದು ಸಾರಿಗಾಗಿ ಆರು ಡಬ್ಬ ತೆರೆಯಬೇಕು, ಇಲ್ಲವೇ ಫೋನು ಮಾಡಬೇಕು. ಮೂರು ಬೆರಳಗಲದ ಕಾಗದದ ಚೀಟಿ ಅಂಟಿಸಿದರೆ ಆ ಫೋನು ಉಳಿಯುತ್ತದೆ.

ಹಾಗಾಗಿ ಬರುವ ಭಾನುವಾರ ಬೀರು ಖಾಲಿ ಮಾಡಿ ಮಂಚದ ಮೇಲೆ ಸುರಿದುಕೊಳ್ಳುವ ಸಾಹಸ ಬೇಡ. ಟಾರ್ಚು, ಗಾಡಿಯ ಕಾಗದಪತ್ರ, ಜ್ವರದ ಮಾತ್ರೆ, ಬೀಗದ ಕೈ ಇಷ್ಟಕ್ಕೆ ಜಾಗ ಗೊತ್ತುಮಾಡಿ. ಗೊತ್ತುಮಾಡುವಾಗ ಮನೆಯವರೆಲ್ಲ ಇರಲಿ. ಜಾಗ ಆರಿಸುವ ಕೆಲಸವನ್ನು ಮನೆಯಲ್ಲಿ ಅತಿ ಹೆಚ್ಚು ‘ಎಲ್ಲಿದೆ’ ಎಂದು ಕೇಳುವವರಿಗೇ ಒಪ್ಪಿಸಿ.