ಹೆಬ್ಬಾರರ ಗೆರೆಗಳಲ್ಲಿ ಹಳ್ಳಿಯ ನೆನಪು

ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು (1911–1996) ಹುಟ್ಟಿದ್ದು ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ. ಕಲೆಯ ಬಾಳನ್ನು ನಡೆಸಿದ್ದು ಮುಂಬಯಿಯಲ್ಲಿ. ಆದಕಾರಣ ಅವರ ಹಳ್ಳಿಯ ಚಿತ್ರಗಳನ್ನು ತವರಿನ ಹಂಬಲದ ಫಲವೆಂದು ಹೇಳಿಬಿಡುವುದು ಸುಲಭ. ಈ ಮಾತು ಅರ್ಧಸತ್ಯವೆಂದು ನಮ್ಮ ಎಣಿಕೆ.

ಅವರ ಮೊದಮೊದಲಿನ ವರ್ಣಚಿತ್ರಗಳಿಗೆ ಅದು ಒಪ್ಪೀತು. ಅಜಂತೆಯ ಭಿತ್ತಿಚಿತ್ರ, ಜೈನ ಹಸ್ತಪ್ರತಿಗಳ ಕಿರುಚಿತ್ರ, ಅಮೃತಾ ಶೇರ್‌ಗಿಲ್ಲರ ಆಕೃತಿಗಳು ಇವುಗಳ ಸಂಸ್ಕಾರದಿಂದ ಮೂಡಿದ ಆ ಚಿತ್ರಗಳಲ್ಲಿ ಬಣ್ಣವು ಹದವಾಗಿದೆ. ದುಡಿವ ಮೈಯ ದಣಿವು ಮಾತ್ರ ಅಪರೂಪ. ಅದು ದೂರದಿಂದ ಕಂಡ ಊರು.

ಮಸಿಯ ರೇಖಾಚಿತ್ರಗಳ ಸಂಗತಿಯೇ ಬೇರೆ. ಲಯದ ಮರ್ಮವನ್ನರಿಯಲು ಹೆಬ್ಬಾರರು ಪಂಡಿತ ಸುಂದರ ಪ್ರಸಾದರಲ್ಲಿ ಕಥಕ್ ನೃತ್ಯವನ್ನು ಕಲಿತರಷ್ಟೆ. ಆ ಶಿಕ್ಷಣದ ಫಲವು ನರ್ತಕಿಯರ ಚಿತ್ರಗಳಿಗಿಂತ ಕೋಳಿಅಂಕದ ಹುಂಜಗಳಲ್ಲಿ ಹೆಚ್ಚು ನಿಚ್ಚಳವೆಂದರೆ ಕೆಲವರು ಒಪ್ಪಲಾರರೇನೋ! ನರ್ತಕಿಯರಲ್ಲಿ ಗೆರೆಯು ಒಮ್ಮೊಮ್ಮೆ ತನ್ನ ಬೆಡಗಿಗೆ ತಾನೇ ಮರುಳಾಗುತ್ತದೆ. ಹುಂಜಗಳಲ್ಲಿ ಅದಕ್ಕೆ ಬಿಡುವಿಲ್ಲ; ಕೆದರಿದ ಗರಿ, ಚಾಚಿದ ಕಾಲು, ಸೆಟೆದ ಕತ್ತು ಎಲ್ಲವೂ ಒಂದೇ ವೇಗದಲ್ಲಿ ಸಾಗಬೇಕು. ಮಸಿಯ ಗೆರೆಯನ್ನು ಅಳಿಸಿ ತಿದ್ದುವಂತಿಲ್ಲ. ನೋಟವನ್ನು ನೆನೆದು ಕೂಡಿಸುವಷ್ಟು ಹೊತ್ತು ಕೈಗಿಲ್ಲವಾದ್ದರಿಂದ, ಮೈಗೂಡಿದ ಚಲನೆಯೊಂದೇ ಕಾಗದಕ್ಕಿಳಿಯುತ್ತದೆ. ಇಲ್ಲಿ ಹಂಬಲವು ಇಲ್ಲವೆಂದಲ್ಲ, ಅದಕ್ಕೆ ಕೊರಗುವ ಅವಕಾಶವಿಲ್ಲ. ಗದ್ದೆಯಾಗಲಿ ತೆಂಗಿನ ಸಾಲಾಗಲಿ ಹಿಂದೆ ಇಲ್ಲದೆಯೂ ಬಿಳಿಯ ಕಾಗದದ ನಡುವೆ ಆ ಹುಂಜಗಳು ತುಳುನಾಡಿನವೇ.